ಜೂಮಿನಲ್ಲಿ ಮಾವಿನ ಗಿಡ

ಕಿರುಗಾವಲಿನ ಒಂದು ಜಗುಲಿ. ಮಾವ ಎಲೆಅಡಿಕೆ ಮೆಲ್ಲುತ್ತಿದ್ದಾರೆ. ಜಾದೂಗಾರ ಅಳಿಯ ಫೋನು ಒರೆಸುತ್ತಿದ್ದಾನೆ.

"ಏನ್ ಅಳಿಯಂದ್ರೇ, ಜಾತ್ರೆ ಕಡೀಕೇ ಹೋಗಾಕಿಲ್ವಂತೆ?"

"2020ರ ಲಾಕ್‌ಡೌನಲ್ಲಿ ಜೂಮ್ ಹಿಡ್ದೆ ಮಾವ, ಬುಟ್ಟಿಲ್ಲ. ಅಮೆರಿಕದ ಕನ್ನಡದೋರ ಮಕ್ಕಳ ಬರ್ತ್‌ಡೇಗೆ ಇಲ್ಲಿಂದ್ಲೇ ವಾಟೆ ನೆಟ್ಟು ಮಾವಿನ ಗಿಡ ಎಬ್ಬುಸ್ತೀನಿ."

"ನಮ್ಮೂರ ಬಡಾಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಮಾವಿನ ತಳಿ ಅವೆ. ನಿಮ್ದು ಯಾವ್ದು?"

"ಅವ್ರು ಕೇಳೋ ಹೊತ್ಗೆ ನೆಟ್‌ವರ್ಕೇ ಮಾಯ ಆಯ್ತದೆ. ಅದ್ಕೂ ಚಪ್ಪಾಳೆ ಹೊಡೀತಾರೆ. ಎಲ್ಲಾ ಮ್ಯೂಟಲ್ಲಿರ್ತಾರೆ, ಕೇಳ್ಸಾಕಿಲ್ಲ."

"ಆಟ ನಡುವ್ಲೇ ನಿಲ್ಲೋದು ಹೊಸ್ದೇನಲ್ಲ ಬುಡಿ. 1956ರಲ್ಲಿ ಜಾದೂಗಾರ ಪಿ.ಸಿ. ಸರ್ಕಾರ್ ಲಂಡನ್ನಿನ ಬಿಬಿಸಿ ಟೀವೀಲಿ ಹುಡ್ಗೀನ ಗರಗಸದಲ್ಲಿ ಕೊಯ್ದ್ರು. ಅವ್ಳು ಏಳೋಕ್ ಮುಂಚೆ ಟೈಮ್ ಮುಗ್ದು ಕಾರ್ಯಕ್ರಮ ನಿಂತೋಯ್ತು. ಸತ್ತೇಹೋದ್ಲು ಅಂತ ಜನ ಫೋನ್ ಮೇಲೆ ಫೋನ್ ಮಾಡಿದ್ರು!"

"ನಂಗೂ ಬತ್ತವೆ ಮಾವ. ದುಡ್ಡು ವಾಪಸ್ ಕೊಡಿ ಅಂತ."

"ಅಲ್ಲಾ, ಮೋಡಿ ಆಟದಲ್ಲಿ ಸುತ್ಲೂ ಜನ, ಎದ್ರುಗೇ ಎದುರಾಳಿ. ಬಚ್ಚಿಡಾಕೆ ಜಾಗ ಎಲ್ಲಿತ್ತು? ನಿಮ್ ಗಿಡ ಬರೋದೆಲ್ಲಿಂದ?"

"ಕ್ಯಾಮೆರಾಗೆ ಕಾಣ್ದಂಗೆ ಮೇಜಿನ ಕೆಳ್ಗೆ ನಿಮ್ ಮಗಳು ಕುಂತಿರ್ತಾಳೆ."

"ಹಂಗಾದ್ರೆ ಜಾದೂ ಮಾಡೋಳು ನನ್ ಮಗಳು, ನೀವು ಬರೀ ಮೊಕ ತೋರ್ಸೋರು. ನಾಳೆಯಿಂದ ಫೀಸು ಅವಳ ಖಾತೆಗೇ ಹಾಕುಸ್ಬುಡಿ."