ಷಡ್ಡಕನ ಮನೆಯ ಅರವತ್ತು ದೀಪ

ಷಡ್ಡಕನ ಗೃಹಪ್ರವೇಶಕ್ಕೆ ಹೋಗಿದ್ದೆ. ಮೈಸೂರಿನ ಹೊರಗೊಂದು ಬಡಾವಣೆ. ಮೂವತ್ತು ನಲವತ್ತರ ಸೈಟು. ಹೋಳಿಗೆ ಚೆನ್ನಾಗಿತ್ತು. “ಬನ್ನಿ ಭಾವ, ಮನೆ ತೋರಿಸ್ತೀನಿ” ಅಂದ. ಮನೆ ತೋರಿಸಲಿಲ್ಲ. ದೀಪ ತೋರಿಸಿದ.

ಎಣಿಸಿದೆ. ಅರವತ್ತು. ಹಾಲ್‌ನ ಫಾಲ್ಸ್ ಸೀಲಿಂಗಿನಲ್ಲೇ ಅರ್ಧ. ದೇವರ ಮನೆಯಲ್ಲಿ ಓಂಕಾರದ ಹಿಂದೊಂದು, ಮೆಟ್ಟಿಲಿಗೊಂದೊಂದು, ಚಪ್ಪಲಿ ಗೂಡಿನೊಳಗೂ ಒಂದು. ಈ ದೇಶದಲ್ಲಿ ಚಪ್ಪಲಿಗಾದರೂ ಬೆಳಕು ಸಿಕ್ಕಿತಲ್ಲ.

“ಎಲ್ಲಾ ಎಲ್‌ಇಡಿ ಭಾವ. ಉಳಿತಾಯ.” ಇವನ ಅಪ್ಪ ಕಟ್ಟಿಸಿದ ಮನೆಯಲ್ಲಿ 60 ವ್ಯಾಟಿನ ಐದು ಬಲ್ಬಿದ್ದವು. ಒಟ್ಟು 300 ವ್ಯಾಟ್. ಅಷ್ಟು ಬೆಳಕಲ್ಲೇ ಮೂವರು ಮಕ್ಕಳು ಓದಿ ನೌಕರಿ ಹಿಡಿದರು. ಇಲ್ಲಿ 9 ವ್ಯಾಟಿನವು ಅರವತ್ತು. 540 ವ್ಯಾಟ್. ಉಳಿತಾಯ ಅಂದರೆ ಹೀಗಿರಬೇಕು.

ಸೀಲಿಂಗಿನ ಅಂಚಿನಲ್ಲಿ ಉದ್ದಕ್ಕೂ ಓಡುವ ಪಟ್ಟಿ ದೀಪಗಳ ಡ್ರೈವರ್ ಎಲ್ಲಿದೆ ಅಂತ ಕೇಳಿದೆ. ಒಳಗಿದೆಯಂತೆ. ಕೆಟ್ಟರೆ? ಸೀಲಿಂಗು ಕೊಯ್ಯಬೇಕಂತೆ. ಹಳೆಯ ಕಾಲದಲ್ಲಿ ಸ್ಟೂಲು ಹತ್ತಿ ಬಲ್ಬು ಬದಲಿಸುತ್ತಿದ್ದರು. ನಾವು ಮುಂದುವರಿದಿದ್ದೇವೆ.

ಅಡುಗೆಮನೆಗೆ ಹೋದೆ. ಅಲ್ಲಿ ಒಂದೇ ದೀಪ. ನಟ್ಟನಡುವೆ. ನಾದಿನಿ ಕಟ್ಟೆಯ ಮುಂದೆ ನಿಂತರೆ ದೀಪ ಅವಳ ಬೆನ್ನ ಹಿಂದೆ. ಅವಳ ನೆರಳು ಅವಳ ಈಳಿಗೆಯ ಮೇಲೆ. ದಿನಕ್ಕೆ ನಾಲ್ಕು ಗಂಟೆ ಅವಳು ತನ್ನ ನೆರಳನ್ನೇ ಹೆಚ್ಚಬೇಕು. ದೊಡ್ಡ ಪ್ಲಗ್ ಪಾಯಿಂಟೂ ಒಂದೇ. ಮಿಕ್ಸಿ, ಓವನ್, ಇಂಡಕ್ಷನ್ ಒಲೆ ಮೂರೂ ಅದರಲ್ಲೇ, ಒಂದು ಎಕ್ಸ್‌ಟೆನ್ಶನ್ ಬಾಕ್ಸಿನ ಕೃಪೆಯಿಂದ. ಹೊಸ ಮನೆಗೆ ಮೊದಲ ದಿನವೇ ಎಕ್ಸ್‌ಟೆನ್ಶನ್ ಬಾಕ್ಸು. ಅಡುಗೆಮನೆಯ ಪ್ಲಾನು ಮಾಡಿದ್ದು ಯಾರು ಅಂದೆ. “ನಾನೇ” ಅಂದ. ಇವನು ಜೀವಮಾನದಲ್ಲಿ ಈರುಳ್ಳಿ ಹೆಚ್ಚಿದವನಲ್ಲ.

ನಮ್ಮಿಬ್ಬರ ಅತ್ತೆ ಇವನ ಮನೆಯಲ್ಲೇ ಇದ್ದಾರೆ. ಎಪ್ಪತ್ತೆಂಟು ವರ್ಷ. ಅವರ ಕೋಣೆಯ ಸ್ವಿಚ್ಚು ಬಾಗಿಲ ಪಕ್ಕ. ಮಂಚ ಆಚೆ ಮೂಲೆಯಲ್ಲಿ. ಮಂಚದ ಹತ್ತಿರ ಒಂದು ಟೂ ವೇ ಸ್ವಿಚ್ಚು ಹಾಕಿಸಲು ತುಂಡು ವೈರು, ತುಂಡು ಪೈಪು ಸಾಕಿತ್ತು. ದಿಂಬಿನ ಕೆಳಗೆ ಟಾರ್ಚ್ ಇಟ್ಟುಕೊಂಡಿದ್ದಾರೆ. ಅರವತ್ತು ದೀಪದ ಮನೆಯಲ್ಲಿ.

ಯೋಜನೆಯೇ ಇರಲಿಲ್ಲ ಅನ್ನುವಂತಿಲ್ಲ. ವಾಸ್ತುವಿನವರು ಮೂರು ಸಲ ಬಂದು ಹೋಗಿದ್ದಾರೆ. ಮೀಟರು ಆಗ್ನೇಯಕ್ಕೇ ಇದೆ. ಅಗ್ನಿ ತನ್ನ ಮೂಲೆಯಲ್ಲಿ ಸುಖವಾಗಿದ್ದಾನೆ. ಮೋಲ್ಡ್ ಹಾಕುವ ಮುಂಚೆ ಪೈಪು, ಫ್ಯಾನ್ ಬಾಕ್ಸು ಎಲ್ಲೆಲ್ಲಿ ಬರಬೇಕು ಎಂದು ಕಾಗದದ ಮೇಲೆ ಒಂದು ಗೆರೆ ಎಳೆಯಲು ಮಾತ್ರ ಮುಹೂರ್ತ ಸಿಗಲಿಲ್ಲ. ಗುದ್ದಲಿ ಪೂಜೆಗೆ ಡ್ರೋನ್ ಕ್ಯಾಮೆರಾ ಹಾರಿತ್ತು. ಪ್ಲಾಸ್ಟರಿಂಗಿಗೆ ಮುಂಚೆ ಗೋಡೆಯೊಳಗಿನ ಪೈಪುಗಳ ಒಂದು ಫೋಟೊ? ಇಲ್ಲ. ನಾಳೆ ಟಿವಿ ಸ್ಟ್ಯಾಂಡಿಗೆ ಡ್ರಿಲ್ ಮಾಡುವ ಹುಡುಗ ವೈರು ಎಲ್ಲಿದೆ ಎಂದು ತಾನೇ ಪತ್ತೆ ಹಚ್ಚುತ್ತಾನೆ. ಒಂದೇ ಸಲ.

ಗೀಸರಿಗೆ ಬರೋಣ. ಮೂರು ಕಿಲೋವ್ಯಾಟಿನದು. ಅಂದರೆ 13 ಆಂಪಿಯರ್. ಅದಕ್ಕೆ 4 ಚದರ ಮಿಲಿಮೀಟರಿನ ವೈರು ಎಳೆಯುವುದು ವಾಡಿಕೆ. ಎಳೆದದ್ದು ದೀಪಕ್ಕೆ ಹಾಕುವ 1.5ರದ್ದು. ವೈರಿನಲ್ಲಿ ಉಳಿದ ದುಡ್ಡು ಹಾಲ್‌ನ ತೂಗುದೀಪಕ್ಕೆ ಹೋಯಿತು. ಗೋಡೆಯೊಳಗಿನ ವೈರನ್ನು ಬೀಗರು ನೋಡುವುದಿಲ್ಲವಲ್ಲ.

ಕರೆಂಟಿನ ಅರ್ಜಿಯಲ್ಲಿ ಬರೆದದ್ದು 3 ಕಿಲೋವ್ಯಾಟ್. ಒಂದು ಗೀಸರಿಗೇ ಅದು ಮುಗಿಯಿತು. ಎರಡನೆಯ ಗೀಸರು, ಎಸಿ, ಇಂಡಕ್ಷನ್ ಒಲೆ ಎಲ್ಲ ಧರ್ಮಾರ್ಥ. ಕಿಲೋವ್ಯಾಟು ಹೆಚ್ಚಿದರೆ ಠೇವಣಿ, ತಿಂಗಳ ನಿಗದಿತ ಶುಲ್ಕ ಹೆಚ್ಚುತ್ತದೆ, ಅದಕ್ಕೆ. ಬೀದಿಯವರೆಲ್ಲ ಹೀಗೇ ಬರೆದುಕೊಡುತ್ತಾರೆ. ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಾಗ ಬೀದಿಯವರೆಲ್ಲ ಸೇರಿ ಲೈನ್‌ಮ್ಯಾನ್‌ಗೆ ಬೈಯುತ್ತಾರೆ.

ಇನ್ನು ಉಚಿತ ಕರೆಂಟಿನ ಗೃಹಜ್ಯೋತಿ. 2023ರಲ್ಲಿ ಅದು ಬಂದಾಗಿನಿಂದ “ಬಿಟ್ಟಿ ಭಾಗ್ಯದಿಂದ ರಾಜ್ಯ ದಿವಾಳಿ” ಎಂದು ಬೆಳಿಗ್ಗೆ ಆರಕ್ಕೇ ನನಗೆ ಮೆಸೇಜು ಕಳಿಸುವವನು ಇದೇ ಷಡ್ಡಕ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದಕ್ಕೇ ಒಂದೇ ಮನೆಗೆ ಎರಡು ಮೀಟರು. ಕೆಳಗಿನದು ಇವನ ಹೆಸರಲ್ಲಿ, ಮೇಲಿನದು ಮಗನ ಹೆಸರಲ್ಲಿ. ಒಲೆ ಒಂದೇ, ಉಪ್ಪಿನಕಾಯಿ ಜಾಡಿಯೂ ಒಂದೇ. ಆರ್‌ಆರ್ ನಂಬರು ಎರಡು. ರಾಜ್ಯದ ಬಗ್ಗೆ ಇವನಿಗಿರುವ ಕಾಳಜಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ವೈರಿಂಗ್ ಮಾಡಿದ್ದು ಒಬ್ಬ. ಕೆಲಸ ಸರಿಯಾಗಿದೆ ಎಂದು ಸಹಿ ಹಾಕಿದ್ದು ಲೈಸೆನ್ಸ್ ಇರುವ ಇನ್ನೊಬ್ಬ. ಸಹಿ ಹಾಕಿದವನು ಈ ಮನೆಗೆ ಬಂದೇ ಇಲ್ಲ. ಸಹಿಗೆ ರೇಟಿದೆ. ನೋಡಿ ಹಾಕುವುದಕ್ಕೆ ರೇಟಿಲ್ಲ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ನೂರು ವರ್ಷ ದಾಟಿದರೂ ನಮ್ಮಲ್ಲಿ ಪರೀಕ್ಷೆ ಅಂದರೆ ಟೆಸ್ಟರ್ ಚುಚ್ಚಿ, ಕೆಂಪಗೆ ಉರಿಯಿತಾ, ಆಯ್ತು ನಡಿ.

ಅರ್ಥಿಂಗ್ ಗುಂಡಿ ಎಲ್ಲಿ ಅಂದೆ. ಅದರ ಮೇಲೆ ಗ್ರಾನೈಟ್ ಕೂತಿದೆ. ಗ್ರಾನೈಟಿನ ಮೇಲೆ ಕಾರು ನಿಂತಿದೆ. ಇದ್ದಿಲು, ಉಪ್ಪು ಹಾಕಿದ್ದಾರಾ? “ಹಾಕಿರ್ತಾರೆ ಬಿಡಿ ಭಾವ.” ಬೇಸಿಗೆಯಲ್ಲಿ ನೀರು ಹೊಯ್ಯುವುದು ಹೇಗೆ? ಉತ್ತರ ಬರಲಿಲ್ಲ. ಕಾರನ್ನು ಮಾತ್ರ ದಿನಾ ತೊಳೆಯುತ್ತಾನೆ.

ಕೊನೆಗೆ ಡಿಬಿ ಬಾಕ್ಸು ತೆರೆದೆ. ಎಂಸಿಬಿಗಳ ಸಾಲು, ಪಕ್ಕದಲ್ಲಿ ಒಂದು ಆರ್‌ಸಿಸಿಬಿ. ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. 30 ಮಿಲಿಆಂಪಿಯರ್ ಸೋರಿದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿದುಹಾಕುತ್ತದೆ. ಒದ್ದೆ ಕೈಯಲ್ಲಿ ಗೀಸರಿನ ಸ್ವಿಚ್ಚು ಮುಟ್ಟುವ ಮುದುಕಿಗೂ ಸಾವಿಗೂ ನಡುವೆ ನಿಂತಿರುವುದು ಅದೊಂದೇ. ಮನೆ ಕಟ್ಟುವಾಗ ಅದು ಪದೇಪದೇ ಬೀಳುತ್ತಿತ್ತಂತೆ. ಎಲ್ಲೋ ನ್ಯೂಟ್ರಲ್ ಬೆರೆತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ ಎಂದು ಪಾಪ ಅದು ಬಾಯಿ ಬಡಿದುಕೊಳ್ಳುತ್ತಿತ್ತು. “ಸುಮ್ಮನೆ ಕಿರಿಕಿರಿ ಸಾರ್, ಬೈಪಾಸ್ ಮಾಡಿಬಿಡ್ತೀನಿ” ಅಂದನಂತೆ ಎಲೆಕ್ಟ್ರಿಷಿಯನ್. ಇವನೂ ಹೂಂ ಅಂದನಂತೆ.

ಅದರ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇರುತ್ತದೆ. ಒತ್ತಿದೆ. ಲಿವರ್ ಟಪ್ಪೆಂದು ಬಿತ್ತು. ಅರವತ್ತು ದೀಪವೂ ಹಾಗೇ ಉರಿಯುತ್ತಿದ್ದವು.

“ನೋಡಿದ್ರಾ ಭಾವ, ಕರೆಂಟೇ ಹೋಗಲಿಲ್ಲ!” ಅಂದ ಷಡ್ಡಕ. ಹೆಮ್ಮೆಯಿಂದ.

ನಿಮ್ಮ ಮನೆಯ ಬಾಕ್ಸಿನಲ್ಲೂ ಆ ಗುಂಡಿ ಇದೆಯಾ ನೋಡಿ. ಇದ್ದರೆ ಇವತ್ತೇ ಒತ್ತಿ. ಕರೆಂಟು ಹೋದರೆ ಖುಷಿಪಡಿ. ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಬೇರೆಯವನಿಗೆ.