ಕಾಣದ ಅಕ್ಷರಕ್ಕೆ ಗೇಟ್‌ಪಾಸ್ ಇಲ್ಲ

ತೋವಿನಕೆರೆ ಸುತ್ತಮುತ್ತ ಯಾವ ಹಾಲಿನ ಡೈರಿಯ ವಾರ್ಷಿಕ ಸಭೆಗೆ ಹೋದರೂ ಒಂದು ಸಂಪ್ರದಾಯ ತಪ್ಪುವುದಿಲ್ಲ. ಲಕ್ಷಾಂತರ ರೂಪಾಯಿಯ ಜಮಾಖರ್ಚನ್ನು ಕಾರ್ಯದರ್ಶಿ ಒಂದೇ ಉಸಿರಿಗೆ ಓದುತ್ತಾರೆ, ಸಭೆ ಒಂದೇ ಚಪ್ಪಾಳೆಗೆ ಒಪ್ಪುತ್ತದೆ. ಆಮೇಲೆ ಕಟ್ಟಡದ ಗೋಡೆಗೆ ಬಿಳಿ ಹೊಡೆಸುವುದೋ ಹಳದಿಯೋ ಎಂದು ಯಾರೋ ಕೇಳುತ್ತಾರೆ. ನಿಜವಾದ ಸಭೆ ಶುರುವಾಗುವುದು ಅಲ್ಲಿಂದ. ಹಾಲು ಕರೆಯುವ ಹೊತ್ತಾಯಿತೆಂದು ಹೆಂಗಸರು ಎದ್ದು ಹೋದರೂ ಗಂಡಸರು ಬಣ್ಣ ಬಿಟ್ಟು ಕದಲುವುದಿಲ್ಲ.

ನಾವು ಹಳ್ಳಿ ಜನ, ನಮ್ಮ ಹಣೆಬರಹ ಇಷ್ಟೇ ಎಂದುಕೊಂಡಿದ್ದೆವು. ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಇತಿಹಾಸಕಾರ 1957ರಲ್ಲೇ ಸಮಾಧಾನ ಹೇಳಿದ್ದಾನೆ. ಅವನು ಕಲ್ಪಿಸಿದ ಸಮಿತಿ ಒಂದು ಕೋಟಿ ಪೌಂಡಿನ ಪರಮಾಣು ಸ್ಥಾವರಕ್ಕೆ ಕ್ಷಣಾರ್ಧದಲ್ಲಿ ಮಂಜೂರಾತಿ ಕೊಟ್ಟು, 350 ಪೌಂಡಿನ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಕಚ್ಚಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗಿದೆ. 1999ರಲ್ಲಿ ಫ್ರೀಬಿಎಸ್‌ಡಿ ತಂತ್ರಾಂಶದ ಪೌಲ್‌ ಹೆನಿಂಗ್ ಕ್ಯಾಂಪ್ ತಮ್ಮ ಗೆಳೆಯರ ವಾಗ್ವಾದಕ್ಕೆ ಬೇಸತ್ತು ಇದೇ ಶೆಡ್ಡನ್ನು ನೆನಪಿಸಿದರು. ಅಂದಿನಿಂದ ಮುಕ್ತ ತಂತ್ರಾಂಶದ ಲೋಕದಲ್ಲಿ ಅದೊಂದು ನಾಣ್ಣುಡಿ. ಎಲ್ಲರೂ ಅದನ್ನು ಹೇಳುತ್ತಾರೆ, ಹೇಳಿ ಮತ್ತೆ ಬಣ್ಣಕ್ಕೇ ಬರುತ್ತಾರೆ.

ಅತಿ ಬುದ್ಧಿವಂತರು ಸೇರುವ ಜಾಗವೆಂದರೆ ಕಂಪೈಲರ್ ಕಟ್ಟುವವರ ಕೂಟ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಆದೇಶಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಅದಿಲ್ಲದೆ ನಿಮ್ಮ ಮೊಬೈಲೂ ಇಲ್ಲ, ಡೈರಿಯ ಕಂಪ್ಯೂಟರೂ ಇಲ್ಲ. ಅಲ್ಲಿ ಹಗಲೂರಾತ್ರಿ ಗಹನವಾದ ಚರ್ಚೆ ನಡೆಯುತ್ತಿರಬೇಕೆಂದು ನಾವು ಭಾವಿಸುವುದು ಸಹಜ. ನಡೆಯುತ್ತದೆ, ನಡೆಯುವುದಿಲ್ಲ ಎನ್ನುವಂತಿಲ್ಲ.

ಎಲ್‌ಎಲ್‌ವಿಎಂ ಎಂಬ ಹೆಸರಾಂತ ಕಂಪೈಲರಿನ ಸ್ವಂತ ಕೋಡಿನಲ್ಲಿ, ಮೌಲ್ಯಗಳನ್ನು ಹಿಡಿದಿಡುವ ವೇರಿಯಬಲ್ಲುಗಳ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗಬೇಕೆಂಬ ಕಟ್ಟಳೆಯಿದೆ. ಸಣ್ಣಕ್ಷರವಾಗಲಿ ಎಂದು 2019ರಲ್ಲಿ ಪ್ರಸ್ತಾಪ ಬಂತು. ಪರವಾಗಿ ವಾದ, ವಿರುದ್ಧವಾಗಿ ವಾದ, ಸಣ್ಣಕ್ಷರವಾದರೆ ಎಂಥ ಸಣ್ಣಕ್ಷರ ಎಂದು ಒಳವಾದ, ಬದಲಿಸಿದರೆ ಯಾವ ಸಾಲು ಯಾರು ಬರೆದದ್ದೆಂಬ ಇತಿಹಾಸವೇ ಕಲಸಿಹೋಗುತ್ತದೆಂಬ ಭಯ. ಕೊನೆಗೆ ಗೆದ್ದದ್ದು ಯಾರು? ಹಳೆಯ ಕಟ್ಟಳೆ.

ರಸ್ಟ್ ಭಾಷೆಯವರದು ಇನ್ನೂ ರಸವತ್ತಾದ ಕಥೆ. ‘ಕೆಲಸ ಮುಗಿಯುವವರೆಗೆ ಕಾಯಿ’ ಎಂದು ಹೇಳುವ ‘ಅವೇಟ್’ ಎಂಬ ಪದವನ್ನು ಎಲ್ಲಿಡಬೇಕು? ಮುಂದೆಯೋ, ಹಿಂದೆಯೋ, ಚುಕ್ಕಿಯೊಂದಿಗೋ, ಬೇರಾವುದಾದರೂ ಚಿಹ್ನೆಯೊಂದಿಗೋ? ಕಾಯುವ ಪದಕ್ಕಾಗಿ ಲೋಕವೇ ಕಾಯಿತು. 2019ರ ಮೇ ತಿಂಗಳಲ್ಲಿ ತೀರ್ಪು ಬಂತು: ಚುಕ್ಕಿ ಇಟ್ಟು ಕೊನೆಯಲ್ಲಿ ಬರೆಯಿರಿ. ಕ್ರಿಯಾಪದ ವಾಕ್ಯದ ಕೊನೆಗೆ ಬರಲಿ ಎಂಬ ನಮ್ಮ ಪದ್ಧತಿಯೇ ಗೆದ್ದ ಹಾಗಾಯಿತು. ನಮ್ಮ ಅಜ್ಜಿಯನ್ನು ಕೇಳಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಇಷ್ಟೆಲ್ಲ ಮಾತಾಡುವವರು ಕೇಳಿಸಿಕೊಳ್ಳುವುದರಲ್ಲೂ ನಿಪುಣರೇ? 2005ರ ನವೆಂಬರಿನಲ್ಲಿ ಎಲ್‌ಎಲ್‌ವಿಎಂ ಕಟ್ಟಿದ ಕ್ರಿಸ್ ಲ್ಯಾಟ್ನರ್ ತಮ್ಮ ಕೂಸನ್ನು ಜಿಸಿಸಿ ಬಳಗದೊಳಕ್ಕೆ ಸೇರಿಸಿಕೊಳ್ಳಿ, ಹಕ್ಕುಸ್ವಾಮ್ಯವನ್ನೂ ಬರೆದುಕೊಡುತ್ತೇನೆ ಎಂದು ಮುಂದೆ ಬಂದಿದ್ದರು. ಜಿಸಿಸಿ ಎಂದರೆ 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಹಿರಿಯ ಕಂಪೈಲರ್. ಆ ಸಂಬಂಧ ಕೂಡಲಿಲ್ಲ. ಎಲ್‌ಎಲ್‌ವಿಎಂ ಬೇರೆ ಮನೆ ಹೂಡಿ, ಬೆಳೆದು, ದಾಯಾದಿಯಾಗಿ ಎದುರು ನಿಂತಿತು. ಅಂಥದ್ದೊಂದು ಕಾಗದ ಬಂದಿತ್ತೆಂಬುದೇ ತಮಗೆ ತಿಳಿದಿರಲಿಲ್ಲವೆಂದು ಸ್ಟಾಲ್‌ಮನ್ ಬೆರಗಾದದ್ದು 2015ರಲ್ಲಿ. ಹತ್ತು ವರ್ಷ! ಅಷ್ಟರಲ್ಲಿ ನಮ್ಮ ಕಡೆ ಪೋಡಿ ಅರ್ಜಿ ಕೂಡ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಸರಿದಿರುತ್ತದೆ.

ಇರಲಿ, ದೊಡ್ಡವರ ಮನೆಯ ವಿಷಯ. ಇವರ ಜಗಳ ನಮ್ಮ ಕಾಲಬುಡಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲೆಲ್ಲ ಜಿಸಿಸಿಯಲ್ಲಿ ವೇರಿಯಬಲ್ಲಿಗೆ ಕನ್ನಡದ ಹೆಸರಿಡಬೇಕಾದರೆ ಒಂದೊಂದು ಅಕ್ಷರಕ್ಕೂ ಅದರ ಸಂಕೇತ ಸಂಖ್ಯೆ ಬರೆಯಬೇಕಿತ್ತು. 2020ರ ಹತ್ತನೇ ಆವೃತ್ತಿಯಿಂದ ಕನ್ನಡವನ್ನು ಕನ್ನಡದಲ್ಲೇ ಬರೆಯಬಹುದು. 2021ರ ಜೂನ್‌ನಲ್ಲಿ ರಸ್ಟ್ ಕೂಡ ಬಾಗಿಲು ತೆರೆಯಿತು. ತೋವಿನಕೆರೆಯಲ್ಲಿರುವ ನನ್ನ ಅಕ್ಕನ ಮಗ ಈ ಸುದ್ದಿ ಕೇಳಿ ಕುಣಿದ. ಡೈರಿಯ ಲೆಕ್ಕಕ್ಕೊಂದು ಪ್ರೋಗ್ರಾಮು, ಅದೂ ರಸ್ಟ್‌ನಲ್ಲಿ, ಹೆಸರುಗಳೆಲ್ಲ ಕನ್ನಡದಲ್ಲಿ. ‘ಹಾಲು’ ಹೋಯಿತು. ‘ಬೂಸಾ’ ಹೋಯಿತು. ‘ಬಾಕಿ’ ಸಲೀಸಾಗಿ ಹೋಯಿತು. ಕೊಬ್ಬಿನಂಶಕ್ಕೆ ತಕ್ಕ ಹಾಲಿನ ದರ, ಅಂದರೆ ‘ಫ್ಯಾಟ್‌ರೇಟ್’ ಹತ್ತಿರ ಬಂದಾಗ ಕಂಪೈಲರ್ ಕೈ ಅಡ್ಡ ಹಿಡಿಯಿತು.

ಅದರಲ್ಲಿ ‘ಟ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ. ಯುನಿಕೋಡ್‌ನಲ್ಲಿ ಅದರ ನಂಬರು 200ಸಿ. ಮುಂದಿನ ‘ರೇ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯುವುದೊಂದೇ ಅದರ ಕೆಲಸ. ಅದನ್ನು ತೆಗೆದರೆ ‘ಫ್ಯಾಟ್ರೇಟ್’ ಆಗುತ್ತದೆ. ನೀವು ಈಗ ಓದುತ್ತಿರುವ ಈ ಪುಟದಲ್ಲೇ ಅದು ಹತ್ತಾರು ಕಡೆ ಸದ್ದಿಲ್ಲದೆ ದುಡಿಯುತ್ತಿದೆ. ಬೇರೆ ದಾರಿಯಿಲ್ಲದೆ ಹುಡುಗ ಅದನ್ನು ತೆಗೆದ. ಪರದೆ ನೋಡಿದ ಡೈರಿ ಕಾರ್ಯದರ್ಶಿಗಳು ಕೇಳಿದರು:

“ಏನ್ಲಾ ಇದು, ಫ್ಯಾಟ್ರೇಟು?”

“ಅಣ್ಣ, ಮಧ್ಯದಾಗೆ ಕಾಣ್ದೇ ಇರೋ ಒಂದಕ್ಷರ ಐತೆ. ಅದುನ್ನ ಒಳೀಕ್ ಬಿಡಲ್ಲ ಅಂತೈತೆ ಕಂಪೈಲರ್ರು.”

“ಕಾಣ್ದೇ ಇರೋದ್ನ ಇಡಿಯಾ ಅಷ್ಟು ಸೂಕ್ಷ್ಮ ಐತಾ ಅದು? ಅಂಗಾರೆ ಹಾಲ್ನಾಗಿರೋ ನೀರ್ನ ಇಡೀಲಿ ನೋಡಾನ.”

ಕಂಪೈಲರಿನವರಿಗೂ ಕಾರಣವಿದೆ, ಇಲ್ಲವೆನ್ನಲಾಗದು. ಕಾಣದ ಅಕ್ಷರವನ್ನು ಒಳಬಿಟ್ಟರೆ ನೋಡಲು ಒಂದೇ ಥರದ ಎರಡು ಹೆಸರು ಹುಟ್ಟುತ್ತವೆ, ಅದರ ಹಿಂದೆ ವಂಚನೆ ನುಸುಳುತ್ತದೆ. ಆದರೆ ಸಿ++ ಭಾಷೆಯ ಸಮಿತಿ ಇದೇ ಅಕ್ಷರವನ್ನು 2021ರಲ್ಲಿ ಹೊರಹಾಕಿದ ಸಂದರ್ಭವನ್ನು ನೋಡಿ. ಹಳೆಯ ನಿಯಮದ ಸಡಿಲಿಕೆಯಲ್ಲಿ ಎಮೋಜಿಗಳೂ ವೇರಿಯಬಲ್ಲಿನ ಹೆಸರಾಗಿ ಒಳನುಗ್ಗಿದ್ದವು. ಕಟ್ಟಡ ಕೆಲಸಗಾರನ ಎಮೋಜಿ ನಡೆಯುತ್ತಿತ್ತು, ಅದಕ್ಕೆ ಹೆಣ್ಣಿನ ಚಿಹ್ನೆ ಅಂಟಿಸಿ ಕೆಲಸಗಾರ್ತಿ ಮಾಡಿದರೆ ನಡೆಯುತ್ತಿರಲಿಲ್ಲ. ಇದು ಅಸಂಬದ್ಧ ಎಂದು ಎಲ್ಲ ಎಮೋಜಿಗಳನ್ನೂ ಗುಡಿಸಿ ಹಾಕಿದರು. ಅದೇ ಪೊರಕೆಗೆ ಹಳೆಯ ನಿಯಮ ಒಪ್ಪಿದ್ದ ನಮ್ಮ 200ಸಿ ಕೂಡ ಸಿಕ್ಕಿತು. ನಗುಮೊಗಗಳನ್ನು ಓಡಿಸಲು ಬಂದವರು ಫ್ಯಾಟ್‌ರೇಟನ್ನೂ ಓಡಿಸಿದರು.

ಮದ್ದಿಲ್ಲದ ರೋಗವೇನೂ ಅಲ್ಲ. ಯುನಿಕೋಡ್‌ನ ದಾಖಲೆಗಳು ಮದ್ದನ್ನು ಬರೆದೇ ಇಟ್ಟಿವೆ: ವ್ಯಂಜನ, ಅದರ ಮೇಲೆ ಹಲಂತ, ಆಮೇಲೆ ಈ ಅಕ್ಷರ, ಮತ್ತೊಂದು ವ್ಯಂಜನ, ಹೀಗೆ ಬಂದ ಕಡೆ ಮಾತ್ರ ಬೇಕಿದ್ದವರು ಬಿಟ್ಟುಕೊಳ್ಳಬಹುದು. ‘ಬೇಕಿದ್ದವರು’ ಎಂದರೆ ಯಾರು? ಕೈ ಎತ್ತಿದವರು. ರಸ್ಟ್‌ನವರ ಸಭೆಗೆ ಚೀಟಿಯಿಲ್ಲ, ಷೇರು ಹಣವಿಲ್ಲ, ಬಾಗಿಲು ಹಾಕಿಲ್ಲ. ಎರಡು ಪುಟದ ಪ್ರಸ್ತಾಪ ಬರೆದು, ಬಂದ ಆಕ್ಷೇಪಣೆಗಳಿಗೆಲ್ಲ ಬೇಸರಿಸದೆ ಉತ್ತರ ಕೊಟ್ಟರೆ ಸಾಕು.

ಬರೆಯಬಲ್ಲವರು ಇಲ್ಲವೇ? ತೋವಿನಕೆರೆಯಿಂದ ಬಸ್ಸಿಗೆ ಕೂತರೆ ಅರ್ಧ ದಿನ ಹಿಡಿಯದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಉದಯ್ ಬೊಂಡುಗುಲ ಅವರು ಕಟ್ಟಿದ ‘ಪ್ಲೂಟೊ’, ಪ್ರೋಗ್ರಾಮಿನ ಲೂಪ್‌ಗಳನ್ನು ತಾನೇ ಬಿಡಿಸಿ ಹಲವು ಪ್ರೊಸೆಸರ್‌ಗಳಿಗೆ ಹಂಚಬಲ್ಲದು. ಇಂದು ಕೃತಕ ಬುದ್ಧಿಮತ್ತೆಯ ಕಂಪೈಲರ್‌ಗಳಿಗೆ ತಳಪಾಯವಾಗಿರುವ ಎಂಎಲ್‌ಐಆರ್ ಹುಟ್ಟಿದ ತಂಡದಲ್ಲೂ ಅವರಿದ್ದರು. ಜಗತ್ತಿನ ದೊಡ್ಡ ಚಿಪ್ ಕಂಪನಿಗಳ ಕಚೇರಿಗಳೂ ಇದೇ ಊರಿನಲ್ಲಿವೆ, ಕಂಪೈಲರ್ ಬಲ್ಲವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವಷ್ಟು ಜನ ಇದ್ದಾರೆ.

ಆದರೂ ನಮಗೆ ಬೇರೆ ಕೆಲಸವಿದೆ. ಕನ್ನಡ ಟೈಪಿಸಲು ನುಡಿಯೋ ಬರಹವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಬೇಕು, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವೆಂದು ಭಾಷಣ ಮಾಡಬೇಕು. ಆ ಭಾಷಣವನ್ನು ಟೈಪ್ ಮಾಡುವಾಗ ‘ಸಾಫ್ಟ್‌ವೇರ್’ ಎಂಬಲ್ಲಿ 200ಸಿ ಬಂದು ಕೂತು, ಅದೇ ಕಂಪ್ಯೂಟರಿನಲ್ಲಿ, ತಪ್ಪಿಲ್ಲದ ಕನ್ನಡ ಬರೆದುಕೊಟ್ಟಿರುತ್ತದೆ.

ಅಕ್ಕನ ಮಗ ಈಗ ಪ್ರಸ್ತಾಪ ಬರೆಯಲು ಕೂತಿದ್ದಾನೆ. ಅದನ್ನು ಓದಿದ ಮೊದಲ ಕನ್ನಡಾಭಿಮಾನಿ ಗೆಳೆಯ ಬಹಳ ಮೆಚ್ಚಿಕೊಂಡು ಒಂದೇ ಒಂದು ತಿದ್ದುಪಡಿ ಸೂಚಿಸಿದ್ದಾನಂತೆ: ಫಾಂಟು ಬದಲಿಸು.