ನೂಲು ಹಿಡಿದು ಅಳೆದ ಸೀಟು

ವಿದುರಾಶ್ವತ್ಥದ ನಾಗಪ್ಪನಿಗೆ ಈಚೆಗೆ ಕೆಲಸ ಜಾಸ್ತಿಯಾಗಿದೆ. ಮೊದಲಾದರೆ ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಬರುತ್ತಿದ್ದರು, ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಿದ್ದರು, ಸುತ್ತು ಬಂದು ಹೋಗುತ್ತಿದ್ದರು. ಮಗು ಹುಟ್ಟಿದ ಮೇಲೆ ಒಂದು ಸಲ ಎತ್ತಿಕೊಂಡು ಬಂದು ಕೈ ಮುಗಿಸಿದರೆ ಲೆಕ್ಕ ಚುಕ್ತಾ. ಈಗ ಹಾಗಿಲ್ಲ. ಮಗು ಕೊಟ್ಟೆಯಲ್ಲಪ್ಪಾ, ಅದಕ್ಕೊಂದು ಸೀಟೂ ಕೊಡಿಸು ಅಂತ ಎರಡನೇ ಅರ್ಜಿ ಬೀಳುತ್ತದೆ. ಗೌರಿಬಿದನೂರಿನ ಸೀಟಾದರೆ ಅವನಿಗೂ ಗೊತ್ತಿರುವ ಜಾಗ. ಲಂಡನ್ ಪಕ್ಕದ ಸ್ಲೌನಲ್ಲಿ ಕೊಡಿಸು ಅಂದರೆ, ಉತ್ತರ ಪಿನಾಕಿನಿ ದಂಡೆಯಲ್ಲಿ ತಣ್ಣಗೆ ಕೂತವನು ಏನು ಮಾಡಬೇಕು?

ಹಾಗೆ ಕೇಳಿದವರು ನಮ್ಮ ಬೀದಿಯ ಅಜ್ಜಿ. ಮಗ, ಸೊಸೆ ಇಬ್ಬರೂ ಅಲ್ಲಿ ಸಾಫ್ಟ್‌ವೇರಿನವರು. ಮೊಮ್ಮಗನಿಗೆ ನಾಲ್ಕು ತುಂಬುತ್ತಿದೆ. ಇಂಗ್ಲೆಂಡಿನಲ್ಲಿ ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿಗೆ ಸ್ಕೂಲು ಶುರು. ಫಿನ್‌ಲೆಂಡಿನಲ್ಲಿ ಏಳಕ್ಕೆ. ನಮ್ಮ ಕರ್ನಾಟಕದಲ್ಲಿ ಆರಕ್ಕೆ ಅಂತ ಕಟ್ಟುನಿಟ್ಟು ಮಾಡಿ, ಅಪ್ಪ ಅಮ್ಮಂದಿರ ಗಲಾಟೆ ಜೋರಾದ ಮೇಲೆ 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಇದನ್ನೆಲ್ಲ ಕೇಳಿದ ಅಜ್ಜಿ, "ಒಂದೊಂದು ದೇಶದಲ್ಲಿ ಮಕ್ಕಳು ಒಂದೊಂದು ಹೊತ್ತಿಗೆ ದೊಡ್ಡೋರಾಗ್ತಾರಾ?" ಅಂದರು. ಯಾವ ಶಿಕ್ಷಣ ತಜ್ಞರಿಗೂ ಇದನ್ನು ಇಷ್ಟು ಚಿಕ್ಕದಾಗಿ ಕೇಳಲು ಬಂದಿಲ್ಲ.

ಮಗ ವಾಟ್ಸಾಪ್ ವಿಡಿಯೋದಲ್ಲಿ ಬಂದ ಹೊತ್ತಿಗೆ ಅಜ್ಜಿಯ ಜಗಲಿಯಲ್ಲಿ ನಾವೆಲ್ಲ ಹಾಜರ್: ರಿಟೈರ್ಡ್ ಮೇಷ್ಟ್ರು, ಕಾಂಡಿಮೆಂಟ್ಸ್ ಅಂಗಡಿಯವರು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕಿ ಆಗಷ್ಟೇ ಬಂದಿದ್ದ ರೇಷ್ಮೆಯವರು, ಮತ್ತೆ ಕೆಲಸವಿಲ್ಲದ ನಾನು. ಇದರಲ್ಲಿ ಇಂಗ್ಲೆಂಡ್ ನೋಡಿದವರು ಒಬ್ಬರೂ ಇಲ್ಲ. ಸಲಹೆ ಕೊಡುವುದಕ್ಕೆ ಅದು ಅಡ್ಡಿಯಾಗಲಿಲ್ಲ.

"ಸರ್ಕಾರಿ ಸ್ಕೂಲೇ, ಫೀಸಿಲ್ಲ" ಅಂದ ಮಗ. ಖಾಸಗಿ ಸ್ಕೂಲಿನ ಫೀಸಿನ ಮೇಲೆ 2025ರ ಜನವರಿಯಿಂದ ಶೇಕಡ 20 ವ್ಯಾಟ್ ಬೇರೆ ಬಿದ್ದಿದೆಯಂತೆ. ಕಂಪ್ಯೂಟರ್ ಕೆಲಸದವನ ಮಗ ಸರ್ಕಾರಿ ಸ್ಕೂಲಿಗೆ ಅನ್ನುವುದನ್ನು ಕೇಳಿ ಮೇಷ್ಟ್ರು ಎದೆ ಸ್ವಲ್ಪ ಮುಂದೆ ತಂದು ಕೂತರು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು, ಅವರದೇ ಊರಿನ ಮಕ್ಕಳು ಬೆಳಿಗ್ಗೆ ಏಳಕ್ಕೆ ಹಳದಿ ವ್ಯಾನು ಹತ್ತಿ ಹೋಗುವುದನ್ನು ದಿನಾ ನೋಡಬೇಕು. ಆ ವ್ಯಾನುಗಳ ಮೇಲೆ 'ಇಂಟರ್‌ನ್ಯಾಷನಲ್' ಅಂತ ಬರೆದಿರುತ್ತದೆ. ಇಂಟರ್‌ಸ್ಟೇಟ್ ಅಂತ ಬರೆದಿದ್ದರೆ ನಾನೂ ನಂಬುತ್ತಿದ್ದೆ, ಹಿಂದೂಪುರ ಇಲ್ಲೇ ಇದೆ.

ಸೀಟು ಹೇಗೆ ಕೊಡುತ್ತಾರೆ ಅನ್ನುವಲ್ಲಿ ತಾಪತ್ರಯ ಶುರುವಾಯಿತು. ಅಲ್ಲಿ ಡೊನೇಷನ್ ಇಲ್ಲ, ಶಾಸಕರ ಪತ್ರ ಇಲ್ಲ, ಮಗುವಿಗೆ ಇಂಟರ್‌ವ್ಯೂ ಇಲ್ಲ. ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಿಗೆ ಮೊದಲ ಸೀಟು. ಅಣ್ಣನೋ ಅಕ್ಕನೋ ಅದೇ ಸ್ಕೂಲಿನಲ್ಲಿದ್ದರೆ ಸಾಮಾನ್ಯವಾಗಿ ಆಮೇಲೆ ಅವರಿಗೆ. ಮಿಕ್ಕವರಿಗೆಲ್ಲ ದೂರ ನೋಡಿ. ಬಹಳ ಕಡೆ ಮನೆಯಿಂದ ಸ್ಕೂಲಿಗೆ ಕಂಪ್ಯೂಟರಿನಲ್ಲೇ ನೂಲು ಹಿಡಿದ ಹಾಗೆ ನೆಟ್ಟಗೆ ಅಳೆಯುತ್ತಾರೆ. ನಡುವೆ ಕೆರೆ ಇರಲಿ, ರೈಲ್ವೆ ಹಳಿ ಇರಲಿ, ಲೆಕ್ಕಕ್ಕಿಲ್ಲ. ಹತ್ತಿರದವನಿಗೆ ಸೀಟು, ದೂರದವನಿಗೆ ನಮಸ್ಕಾರ.

"ಹಂಗಾದ್ರೆ ನೀನು ಸ್ಕೂಲು ಹುಡುಕ್ತಿಲ್ಲಪ್ಪ, ಮನೆ ಹುಡುಕ್ತಿದೀಯ" ಅಂದರು ಕಾಂಡಿಮೆಂಟ್ಸ್‌ನವರು.

ಹೌದು ಸ್ವಾಮಿ, ಅಷ್ಟೇ. ಒಳ್ಳೆ ಸ್ಕೂಲಿನ ಸುತ್ತ ಮನೆ ಬಾಡಿಗೆ ಜಾಸ್ತಿ, ಮನೆ ಬೆಲೆಯೂ ಜಾಸ್ತಿ. ಫೀಸು ಇಲ್ಲ ಅಂದದ್ದು ನಿಜ, ಅದನ್ನು ಮನೆ ಮಾಲೀಕನ ಕೈಗೆ ಕೊಡಬೇಕು. ಅಮೆರಿಕದಲ್ಲೂ ಬಹುಮಟ್ಟಿಗೆ ಇದೇ ಕಥೆ, ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿದೆಯೋ ಅದೇ ಸ್ಕೂಲು. ಫ್ರಿಮಾಂಟಿನಲ್ಲೋ ಡಾಲಸ್ಸಿನಲ್ಲೋ ನಮ್ಮವರು ಸೇರಿದರೆ ಅಡುಗೆಮನೆ ಎಷ್ಟು ದೊಡ್ಡದು ಅಂತ ಕೇಳುವ ಮೊದಲು ಸ್ಕೂಲಿಗೆ ಹತ್ತಕ್ಕೆ ಎಷ್ಟು ರೇಟಿಂಗ್ ಅಂತ ಕೇಳುತ್ತಾರೆ. ರೇಷ್ಮೆಯವರು ಒಂದು ಉಪಾಯ ಹೇಳಿದರು: ಸ್ಕೂಲಿನ ಗೇಟಿನೆದುರು ಒಂದು ರೂಮು ಬಾಡಿಗೆಗೆ ಹಿಡಿದು ಅದೇ ಅಡ್ರೆಸ್ ಕೊಟ್ಟುಬಿಡೋದು. ಅದನ್ನು ಅಲ್ಲಿಯವರು ಆಗಲೇ ಮಾಡಿ ನೋಡಿ ಆಗಿದೆ. ಕೌನ್ಸಿಲಿನವರು ವಿಚಾರಣೆ ಮಾಡುತ್ತಾರೆ, ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ಕಿತ್ತುಕೊಳ್ಳುತ್ತಾರೆ. ನಮ್ಮ ರೇಷ್ಮೆಯವರಿಗೆ ಇಂಗ್ಲೆಂಡಿನ ಮೇಲೆ ಮೊದಲ ಸಲ ಗೌರವ ಬಂತು, ಅಲ್ಲಿಯೂ ಇಂಥ ಜನ ಇದ್ದಾರಲ್ಲ ಅಂತ.

ಇಷ್ಟು ಹೊತ್ತಿಗೆ ಮೇಷ್ಟ್ರು ಎಚ್. ನರಸಿಂಹಯ್ಯನವರನ್ನು ತಂದರು. ಅವರು ಯಾವ ಮಾತಿಗೂ ಎಚ್ಚೆನ್ ಅವರನ್ನು ತರುತ್ತಾರೆ, ಆದರೆ ಈ ಸಲ ಜಾಗ ನೋಡಿಯೇ ತಂದರು. ನಮ್ಮ ತಾಲ್ಲೂಕಿನ ಹೊಸೂರಿನ ಬಡ ಹುಡುಗ. ಊರಿನಲ್ಲಿ ಹೈಸ್ಕೂಲಿಲ್ಲ, ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಸುಮಾರು 80 ಕಿಲೋಮೀಟರ್ ನಡೆದುಕೊಂಡೇ ಹೋದರು, ಎರಡು ದಿನ. ಆಮೇಲೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟು, ವಾಪಸ್ ಬಂದು ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಕೊನೆತನಕ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ವಾಸ.

"ಅಳೀರಿ ಈಗ ನೂಲು!" ಅಂದರು ಮೇಷ್ಟ್ರು. "80 ಕಿಲೋಮೀಟರ್! ನಿಮ್ಮ ಇಂಗ್ಲೆಂಡಿನ ಲೆಕ್ಕದಲ್ಲಿ ಎಚ್ಚೆನ್‌ಗೆ ಕೊನೇ ನಂಬರು. ಸೀಟಿಲ್ಲ, ವಾಪಸ್ ಹೋಗಪ್ಪ ಹೊಸೂರಿಗೆ!"

ಜಗಲಿಯೆಲ್ಲ ನಕ್ಕಿತು. ಫೋನಿನಲ್ಲಿದ್ದ ಮಗ ಮಾತ್ರ ನಗಲಿಲ್ಲ, ಅವನ ಮನೆ ಮೊದಲನೇ ಆಯ್ಕೆಯ ಸ್ಕೂಲಿಗೆ ಒಂದು ಕಿಲೋಮೀಟರ್ ಮೇಲಿತ್ತು. ನನಗೆ ಹೊಳೆದದ್ದು ಬೇರೆ: ಆ ಹುಡುಗ ಸ್ಕೂಲನ್ನು ತಾನೇ ಹುಡುಕಿಕೊಂಡು ನಡೆದ. ಇಲ್ಲಿ ಅಪ್ಪ ಅಮ್ಮ ಮನೆ ಹೊತ್ತುಕೊಂಡು ಸ್ಕೂಲಿನ ಕಡೆ ನಡೆಯುತ್ತಿದ್ದಾರೆ. ಇಡೀ ಸಂಜೆಯ ಮಾತಿನಲ್ಲಿ ಸ್ಕೂಲಿಗೆ ಹೋಗಬೇಕಾದವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ಹಿಂದೆ ಸೋಫಾ ಮೇಲೆ ತಲೆಕೆಳಗಾಗಿ ನಿಂತಿದ್ದ.

ಸೀಟಿಗೆ ಇನ್ನೊಂದು ದಾರಿಯೂ ಇದೆ. ಕೆಲವು ಚರ್ಚ್ ಸ್ಕೂಲುಗಳಲ್ಲಿ ಭಾನುವಾರದ ಪ್ರಾರ್ಥನೆಗೆ ತಪ್ಪದೆ ಬರುವವರ ಮಕ್ಕಳಿಗೆ ಆದ್ಯತೆ, ಪಾದ್ರಿಗಳ ಸಹಿ ಬೇಕು. ಹೀಗಾಗಿ ದೇವರನ್ನು ನಂಬದವರೂ ಮಗುವಿಗೆ ಮೂರು ತುಂಬುತ್ತಿದ್ದಂತೆ ಮೊದಲ ಸಾಲಿನಲ್ಲಿ ಕೂರುತ್ತಾರಂತೆ. ಮಗ ಹೆದರಿ ಹೆದರಿ ಹೇಳಿದ. ಅಜ್ಜಿ ಕಣ್ಣು ಮಿಟುಕಿಸಲಿಲ್ಲ. "ಹೋಗಿ ಕೈ ಮುಕ್ಕೊಂಡ್ ಬಾ. ಇಲ್ಲಿಗೆ ಬರೋರು ಮಾತ್ರ ಏನು ಸುಮ್‌ಸುಮ್ಕೆ ಬರ್ತಾರಾ? ಎಲ್ಲರ್ದೂ ಒಂದೊಂದು ಕೆಲಸ ಇರ್ತದೆ."

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. 1938ರ ಏಪ್ರಿಲ್ 25ರಂದು ಇದೇ ನೆಲದಲ್ಲಿ ಬಾವುಟಕ್ಕಾಗಿ ಗುಂಡು ತಿಂದ ಜನ ನಾವು, ಈಗ ಇಂಗ್ಲಿಷರ ಮುಂದೆ ಅರ್ಜಿ ಹಿಡಿಯೋದಾ ಅಂತ ಗುಡುಗಿದರು. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು ಮೇಷ್ಟ್ರೇ ಅಂತ ನಾನು ನೆನಪಿಸಿದೆ. ಆ ಗೋಲಿಬಾರಿನ ನೆನಪಿನ ವೀರಸೌಧದ ಚಿತ್ರಗಳನ್ನು ಊರಿಗೆ ಬಂದವರಿಗೆಲ್ಲ ತೋರಿಸುವವರು ಅವರೇ, ಆದರೂ ಆ ರಾತ್ರಿ ನನ್ನ ಜೊತೆ ಮಾತು ಬಿಟ್ಟರು.

ಸ್ಕೂಲು ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವುದಕ್ಕೆ ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಅಂತ ಒಂದು ತಪಾಸಣಾ ಸಂಸ್ಥೆ. ಮೊದಲು ಇಡೀ ಸ್ಕೂಲಿಗೆ ಒಂದೇ ಮಾತಿನ ಸರ್ಟಿಫಿಕೇಟು ಕೊಡುತ್ತಿದ್ದರು, ಅತ್ಯುತ್ತಮ, ಉತ್ತಮ, ಹೀಗೆ. 2024ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟರು. ಈಗ ಅಪ್ಪ ಅಮ್ಮ ವರದಿಯನ್ನು ಪೂರ್ತಿ ಓದಬೇಕು, ಅದೇ ಕಷ್ಟ. ಮೇಷ್ಟ್ರು ಮಾತು ಬಿಟ್ಟಿದ್ದರೂ ಇದಕ್ಕೆ ಬಾಯಿ ತೆರೆಯದೆ ಇರಲಾಗಲಿಲ್ಲ. ಅವರ ಕಾಲದಲ್ಲಿ ಇನ್‌ಸ್ಪೆಕ್ಟರ್ ಬಂದರೆ ಉಪ್ಪಿಟ್ಟು, ಎಳನೀರು ಮುಗಿಯುವ ಹೊತ್ತಿಗೆ ವರದಿಯೂ ಮುಗಿದಿರುತ್ತಿತ್ತು.

ನಾಲ್ಕರ ಹುಡುಗನ ಅಪ್ಪ ಹನ್ನೊಂದರ ಚಿಂತೆಯನ್ನೂ ಈಗಲೇ ಶುರು ಮಾಡಿದ್ದ. ಇಂಗ್ಲೆಂಡಿನಲ್ಲಿ 163 ಗ್ರಾಮರ್ ಸ್ಕೂಲುಗಳಿವೆ, ಸರ್ಕಾರದವೇ, ಆದರೆ ಪರೀಕ್ಷೆ ಬರೆದು ಒಳಗೆ ಹೋಗಬೇಕು. ಸ್ಲೌ ಒಂದರಲ್ಲೇ ನಾಲ್ಕು. ನಮ್ಮವರು ಆ ಊರನ್ನು ಹುಡುಕಿಕೊಂಡು ಹೋಗುವುದರಲ್ಲಿ ಅದರದೂ ಪಾಲಿದೆ. ಪರೀಕ್ಷೆ ಅಂದ ಮೇಲೆ ಟ್ಯೂಷನ್ ಇರಲೇಬೇಕಲ್ಲ, ಇದೆ. ಟ್ಯೂಷನ್ ಅಂದ ತಕ್ಷಣ ಜಗಲಿಗೆ ನೆಮ್ಮದಿ ಆಯಿತು. ಅಪರಿಚಿತ ಊರಿನಲ್ಲಿ ನೆಂಟರು ಸಿಕ್ಕ ಹಾಗೆ.

ಅರ್ಜಿಯ ಕೊನೆ ದಿನ ಜನವರಿ 15. ಇಲ್ಲಿ ಅಜ್ಜಿ ಅಡ್ಡ ನಿಂತರು. ಧನುರ್ಮಾಸದಲ್ಲಿ ಶುಭಕಾರ್ಯ ಬೇಡ, ಸಂಕ್ರಾಂತಿ ಕಳೀಲಿ. ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ, ಅಂದರೆ ಕೊನೇ ಗಳಿಗೆಯಲ್ಲಿ ಒತ್ತಬೇಕು. ಸೊಸೆ ಹುಷಾರು, ಮೂರು ಸ್ಕೂಲಿನ ಹೆಸರು ತುಂಬಿ ಡಿಸೆಂಬರಿನಲ್ಲೇ ಕಳಿಸಿ, ಎಳ್ಳುಬೆಲ್ಲ ಹಂಚುವ ದಿನ ಅತ್ತೆಗೆ ಫೋನು ಮಾಡಿ "ಈಗಷ್ಟೇ ಕಳಿಸಿದೆ ಅತ್ತೆ" ಅಂದಳು. ನನಗಿದು ಆಮೇಲೆ ಗೊತ್ತಾಯಿತು, ಅಜ್ಜಿಗೆ ಇನ್ನೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಫಲಿತಾಂಶ ಏಪ್ರಿಲ್ 16ಕ್ಕೆ. ಜಾತ್ರೆಯ ಕಾಲ. ಮೊಮ್ಮಗ ಸ್ಕೂಲು ಸೇರಿದ ಮೇಲೆ ಇನ್ನು ಜಾತ್ರೆಗೆ ಬರುವ ಹಾಗಿಲ್ಲ ಅಂತ ಅಜ್ಜಿಗೆ ಆಗಲೇ ಹೇಳಿದ್ದರು. ಅಲ್ಲಿ ಸ್ಕೂಲು ನಡೆಯುವಾಗ ರಜೆ ಹಾಕಿ ಊರಿಗೆ ಕರೆತಂದರೆ ಅಪ್ಪನಿಗೆ 80 ಪೌಂಡು, ಅಮ್ಮನಿಗೆ 80 ಪೌಂಡು ದಂಡ ಬೀಳಬಹುದು, 21 ದಿನದಲ್ಲಿ ಕಟ್ಟದಿದ್ದರೆ 160. ಅಜ್ಜಿ ಲೆಕ್ಕ ಹಾಕಿ, "ಅಜ್ಜಿ ನೋಡೋಕೆ ಟಿಕೇಟಾ?" ಅಂದರು.

ಬಂತು ಫಲಿತಾಂಶ. ಮೊದಲ ಆಯ್ಕೆ ಸಿಗಲಿಲ್ಲ, ಎರಡನೆಯದು ಸಿಕ್ಕಿತು. ಕೊನೇ ಸೀಟು ಪಡೆದ ಮಗುವಿನ ಮನೆಗಿಂತ ಇವರದು ಕೆಲವೇ ಮೀಟರ್ ದೂರವಂತೆ. ಜಗಲಿ ತುರ್ತು ಸಭೆ ಸೇರಿತು.

"ಕೆಲವೇ ಮೀಟರಾ? ಅಳತೆ ತಪ್ಪಿರ್ತದೆ" ಅಂದರು ಅಜ್ಜಿ. ಪಹಣಿ, ಪೋಡಿ, ಹದ್ದುಬಸ್ತು ಅಂತ ಆಯುಷ್ಯದಲ್ಲಿ ಅರ್ಧ ತಾಲ್ಲೂಕು ಕಚೇರಿಯಲ್ಲಿ ಕಳೆದವರು, ಅವರಿಗೆ ಅಳತೆಯ ಮೇಲೆ ನಂಬಿಕೆ ಇಲ್ಲ. ಮರು ಸರ್ವೆಗೆ ಹಾಕು, ಗೌರಿಬಿದನೂರಿನ ಸರ್ವೇಯರ್ ಹತ್ರ ಬೇಕಾದರೆ ನಾನೇ ಮಾತಾಡ್ತೀನಿ ಅಂದರು. ಮೇಲ್ಮನವಿಗೆ ಅಲ್ಲಿ ಸ್ವತಂತ್ರ ಸಮಿತಿಯೇ ಇದೆ, ಆದರೆ ಚಿಕ್ಕ ಮಕ್ಕಳ ಕ್ಲಾಸಿನಲ್ಲಿ 30ರ ಮೇಲೆ ಕೂರಿಸುವ ಹಾಗಿಲ್ಲ ಅಂತ ಕಾನೂನು, ಗೆಲ್ಲುವುದು ಕಷ್ಟ ಅಂದ ಮಗ.

"ಮೂವತ್ತೊಂದನೇದು ಎಲ್ಲಿ ಕೂತ್ಕೊಂಡೀತು ಅಂತಾರಾ? ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಎಷ್ಟ್ ಜನ ಇದ್ರು?"

"ಅರವತ್ತೆಂಟು" ಅಂದರು ಮೇಷ್ಟ್ರು. "ಕಿಟಕಿ ಮೇಲೆ ಇಬ್ಬರು ಸೇರಿ."

"ಬರೀರಿ ಅದನ್ನ ಅರ್ಜೀಲಿ" ಅಂತ ಅಜ್ಜಿ ನನ್ನ ಮುಂದೆ ಕಾಗದ ಇಟ್ಟರು. "ಕಿಟಕಿ ಮೇಲೆ ಕೂರ್ತಾನೆ ನಮ್ ಹುಡುಗ, ಯಾರಿಗೂ ತೊಂದ್ರೆ ಕೊಡಲ್ಲ ಅಂತ ಬರೀರಿ."